ಆವಿಗೆಗೆ ಹೋದ ಬೀಜದ ಕುಳ್ಳು

ಕೇಳ್ರಿ, ಕೇಳ್ರಿ. ಬಾಯೊಳಗಿನ ಬೆಲ್ಲ ಮೊದಲು ನುಂಗ್ರಿ. ಆಮೇಲೆ ಕೇಳ್ರಿ.

ಒಂದು ಊರಿತ್ತು. ಊರಲ್ಲಿ ಒಂದು ಬೇವಿನ ಮರ. ಮರದ ಹತ್ತಿರ ಫಕೀರವ್ವನ ಮನೆ. ಮನೆಯ ಹಿಂದೆ ಹಿತ್ತಲು. ಹಿತ್ತಲಲ್ಲಿ ಕೊಟ್ಟಿಗೆ. ಕೊಟ್ಟಿಗೆಯಲ್ಲಿ ಒಂದು ಆಕಳು. ಆಕಳ ಬೆನ್ನ ಮೇಲೆ ಒಂದು ಕೋಳಿ. ಬೂದಿ ಬಣ್ಣದ ಕೋಳಿ. ಅದರ ಹೆಸರೂ ಬೂದಿ.

ಸಂಕ್ರಾಂತಿ ಮುಗಿದಿತ್ತು. ಶಿವರಾತ್ರಿ ಇನ್ನೂ ಬಂದಿರಲಿಲ್ಲ. ಚಳಿ ಬಿಡುತ್ತಿತ್ತು. ಬಿಸಿಲು ಬಲಿಯುತ್ತಿತ್ತು. ಹಿತ್ತಲ ಕೆಲಸಕ್ಕೆ ಇದೇ ಹೊತ್ತು. ಈಗ ಸುಮ್ಮನೆ ಕೂತರೆ ಬೇಸಿಗೆಯಲ್ಲಿ ಪಲ್ಯಕ್ಕೆ ಏನಿರುತ್ತದೆ? ಏನೂ ಇರುವುದಿಲ್ಲ.

ಫಕೀರವ್ವ ಸುಮ್ಮನೆ ಕೂರುವವಳಲ್ಲ. ಮುಂಜಾನೆ ಎದ್ದಳು. ಸೀರೆ ಎತ್ತಿ ಕಟ್ಟಿದಳು. ಗುದ್ದಲಿ ಹಿಡಿದಳು. ನೆಲ ಅಗೆದಳು. ಹೆಂಟೆ ಒಡೆದಳು. ಗೊಬ್ಬರ ಕಲಸಿದಳು. ಚಿಕ್ಕದೊಂದು ಸಸಿಮಡಿ ಮಾಡಿದಳು. ಮಡಿಯಲ್ಲಿ ಬದನೆ ಬೀಜ ಉದುರಿಸಿದಳು. ಮೆಣಸಿನ ಬೀಜ ಉದುರಿಸಿದಳು. ಮೇಲೆ ಮಣ್ಣು ಮುಚ್ಚಿದಳು. ನೀರು ಚಿಮುಕಿಸಿದಳು.

ಆಮೇಲೆ ಕೊಟ್ಟಿಗೆ. ಕೊಟ್ಟಿಗೆಯ ಒಂದು ಕಂಬಕ್ಕೆ ಗೆದ್ದಲು ಹತ್ತಿತ್ತು. ಹಳೆಯ ಕಂಬ ಕಿತ್ತಳು. ಹೊಸ ಕಂಬ ನಿಲ್ಲಿಸಿದಳು. ಹಳೆಯದನ್ನು ಬೇವಿನ ಮರದ ಕೆಳಗೆ ಒಗೆದಳು. ಬೂದಿ ಆ ಕಂಬದ ಮೇಲೆ ಹತ್ತಿತು. ಗೆದ್ದಲು ಹೆಕ್ಕಿತು. ಕುಟು ಕುಟು, ಕುಟು ಕುಟು.

ಆಮೇಲೆ ಗೋಡೆ. ಕೊಟ್ಟಿಗೆಯ ಗೋಡೆ ತುಂಬ ಕುಳ್ಳು. ಸಗಣಿ ತಟ್ಟಿ ಒಣಗಿಸಿದ ಕುಳ್ಳು. ಒಲೆಯಲ್ಲಿ ಉರಿಸುವ ಕುಳ್ಳು. ಎಲ್ಲ ಕಿತ್ತಳು. ಬುಟ್ಟಿಗೆ ತುಂಬಿದಳು. ಬರಿದಾದ ಗೋಡೆಗೆ ಕೆಮ್ಮಣ್ಣು ಸಾರಿಸತೊಡಗಿದಳು.

ಅಷ್ಟರಲ್ಲಿ ಕುಂಬಾರ ಗುಂಡಪ್ಪ ಬಂದ. ತಲೆಯ ಮೇಲೆ ಹೊಸ ಗಡಿಗೆ.

“ಅಕ್ಕಾ, ಇವತ್ತು ಗಡಿಗಿ ಸುಡತೀನಿ. ಕುಳ್ಳು ಬೇಕು. ಕುಳ್ಳು ಕೊಡು, ಗಡಿಗಿ ತಗೋ.”

ಫಕೀರವ್ವ ಗಡಿಗೆ ತಟ್ಟಿ ನೋಡಿದಳು. ಟಣ್! ಗಟ್ಟಿ ಗಡಿಗೆ. ಗುಂಡಪ್ಪ ಕುಳ್ಳು ಮುರಿದು ನೋಡಿದ. ಲಟಕ್! ಒಣ ಕುಳ್ಳು. ಇಬ್ಬರಿಗೂ ಒಪ್ಪಿಗೆ. ಬುಟ್ಟಿ ಹೋಯಿತು. ಗಡಿಗೆ ಉಳಿಯಿತು.

ಗೋಡೆ ಸಾರಿಸಿ ಮುಗಿಯಿತು. ಫಕೀರವ್ವ ಕೈ ತೊಳೆದಳು.

“ಇನ್ನ ಕುಂಬಳದ ಬೀಜ ಇಡಬೇಕು” ಅಂದಳು.

ಗೋಡೆ ನೋಡಿದಳು. ಕೆಂಪು ಗೋಡೆ. ನುಣ್ಣನೆಯ ಗೋಡೆ. ಗೋಡೆಯ ಮೇಲೆ ಏನೂ ಇಲ್ಲ.

“ಅಯ್ಯ! ಬೀಜದ ಕುಳ್ಳು ಎಲ್ಲಿ?”

ಬೀಜದ ಕುಳ್ಳು ಅಂದರೆ ಏನು ಗೊತ್ತೇ? ಹೋದ ವರ್ಷ ಫಕೀರವ್ವನ ಬಳ್ಳಿಯಲ್ಲಿ ಕಡೆಗೆ ಒಂದೇ ಕುಂಬಳಕಾಯಿ ಉಳಿದಿತ್ತು. ಬೆಲ್ಲದಂಥ ಕಾಯಿ. ಅದರ ಬೀಜ ತೆಗೆದಳು. ಹಸಿ ಸಗಣಿಯಲ್ಲಿ ಒತ್ತಿದಳು. ದುಂಡಗೆ ತಟ್ಟಿದಳು. ಬಿಸಿಲಿಗೆ ಇಟ್ಟಳು. ಆಮೇಲೆ ಗೋಡೆಗೆ ಅಂಟಿಸಿದಳು. ಸಗಣಿಯೊಳಗಿನ ಬೀಜಕ್ಕೆ ಹುಳ ಬರುವುದಿಲ್ಲ. ಇರುವೆ ಬರುವುದಿಲ್ಲ. ಅಂದು ಹಸಿ ಕುಳ್ಳಿನ ಮೇಲೆ ಬೂದಿ ಮಾತ್ರ ಬಂದಿತ್ತು. ತುಳಿದೂ ಹೋಗಿತ್ತು. ಫಕೀರವ್ವ ಕೋಲು ಹಿಡಿದು ಅಟ್ಟಿಸಿಕೊಂಡು ಹೋಗಿದ್ದಳು.

ಈಗ ಆ ಕುಳ್ಳು ಇಲ್ಲ. ಯಾರೂ ಕದ್ದಿರಲಿಲ್ಲ. ಯಾರೂ ತಿಂದಿರಲಿಲ್ಲ. ತಾನೇ ಕಿತ್ತಿದ್ದಳು. ತಾನೇ ಬುಟ್ಟಿಗೆ ಹಾಕಿದ್ದಳು. ತಾನೇ ಕೊಟ್ಟಿದ್ದಳು. ಯಾರಿಗೆ ಬೈಯುವುದು?

ಆ ಬೀಜ ಸುಟ್ಟರೆ ಬಳ್ಳಿ ಇಲ್ಲ. ಬಳ್ಳಿ ಇಲ್ಲದಿದ್ದರೆ ಕಾಯಿ ಇಲ್ಲ. ಕಾಯಿ ಇಲ್ಲದಿದ್ದರೆ ಬೆಲ್ಲ ಹಾಕಿ ಕರಿದ ಗಾರಿಗೆ ಇಲ್ಲ. ಈ ವರ್ಷ ಇಲ್ಲ. ಮುಂದೆ ಎಂದೂ ಇಲ್ಲ.

ಫಕೀರವ್ವ ಓಡಿದಳು. ಬೂದಿ ಹಿಂದೆ ಓಡಿತು. ಕೊಕ್ ಕೊಕ್ ಕೊಕ್.

ಗುಂಡಪ್ಪನ ಮನೆಯ ಹಿಂದೆ ಆವಿಗೆ. ಆವಿಗೆ ಅಂದರೆ ಗಡಿಗೆ ಸುಡುವ ಗುಡ್ಡೆ. ಕೆಳಗೆ ಗಡಿಗೆ. ಗಡಿಗೆಯ ಮೇಲೆ ಕುಳ್ಳು. ಕುಳ್ಳಿನ ಮೇಲೆ ಹುಲ್ಲು. ಹುಲ್ಲಿನ ಮೇಲೆ ಹಸಿ ಮಣ್ಣು. ಎಲ್ಲ ಮುಚ್ಚಿ ಆಗಿತ್ತು. ಬೆಂಕಿ ಇಡುವುದೊಂದೇ ಬಾಕಿ.

“ಗುಂಡಪ್ಪಾ, ಗುಂಡಪ್ಪಾ, ನನ್ನ ಬೀಜದ ಕುಳ್ಳು ಕೊಡು!
ಕುಳ್ಳು ನನಗ,
ಕುಳ್ಳಿನಾಗಿನ ಬೀಜ ನನ್ನ ಹಿತ್ತಲಿಗೆ!”

ಗುಂಡಪ್ಪ ನಕ್ಕ. “ಕುಂಬಳಕಾಯಿ ಸುಟ್ಟು ತಿಂದೋರನ್ನ ನೋಡೀನಿ. ಬೀಜ ಸುಟ್ಟು ಬಿತ್ತೋರನ್ನ ನೋಡಿಲ್ಲ ಬಿಡಕ್ಕಾ.”

“ನಗಬ್ಯಾಡ. ಕೊಡು.”

“ಕೊಡಾಕ ಅಡ್ಡಿ ಇಲ್ಲ. ಆದ್ರ ಹೆಂಗ ಕೊಡಲಿ? ಈ ಹುಲ್ಲು ಮಣ್ಣಾಗ ತೊಯ್ದೈತಿ. ಒಮ್ಮೆ ತೆಗದ್ರ ಮತ್ತ ಹೊಚ್ಚಾಕ ಬರಂಗಿಲ್ಲ. ಒಂದು ಹೊರೆ ಒಣ ಹುಲ್ಲು ತಾ. ಆವಿಗಿ ತೆರಿತೀನಿ.”

“ಅಲ್ಲೀತನಕ ಬೆಂಕಿ ಇಡಬ್ಯಾಡ!”

“ಹೊತ್ತು ಬೇವಿನ ಮರದ ಬುಡಕ್ಕ ಇಳಿಯೂತನಕ ಕಾಯ್ತೀನಿ. ಆಮ್ಯಾಲೆ ಕಾಯಂಗಿಲ್ಲ. ನಾಳೆ ಸಂತಿ ಐತಿ. ಹಸಿ ಗಡಿಗಿ ಯಾರು ತಗೋತಾರ?”

ಅದೂ ನ್ಯಾಯವೇ. ಹಸಿ ಗಡಿಗೆ ಯಾರೂ ಕೊಳ್ಳುವುದಿಲ್ಲ.

ಹೊತ್ತು ನೆತ್ತಿಯ ಮೇಲಿತ್ತು. ಫಕೀರವ್ವ ನಡೆದಳು. ಬೂದಿ ಹಿಂದೆ ನಡೆಯಿತು. ಕೊಕ್ ಕೊಕ್ ಕೊಕ್.

ಹುಲ್ಲಿನ ಬಣವೆ ಇದ್ದದ್ದು ಯಮನಪ್ಪನ ಹೊಲದಲ್ಲಿ. ಯಮನಪ್ಪ ಎತ್ತಿನ ಕೊಂಬು ಹಿಡಿದು ನಿಂತಿದ್ದ. ಎತ್ತು ಆ ಕಡೆ ಎಳೆಯುತ್ತಿತ್ತು. ಯಮನಪ್ಪ ಈ ಕಡೆ ಎಳೆಯುತ್ತಿದ್ದ.

“ಯಮನಪ್ಪ ಕಾಕಾ, ಯಮನಪ್ಪ ಕಾಕಾ, ಒಂದು ಹೊರೆ ಹುಲ್ಲು ಕೊಡು!
ಹುಲ್ಲು ಗುಂಡಪ್ಪಗ,
ಗುಂಡಪ್ಪನ ಆವಿಗ್ಯಾಗಿನ ಕುಳ್ಳು ನನಗ,
ಕುಳ್ಳಿನಾಗಿನ ಬೀಜ ನನ್ನ ಹಿತ್ತಲಿಗೆ!”

“ಕೊಡಾಕ ಅಡ್ಡಿ ಇಲ್ಲ. ಆದ್ರ ಹೆಂಗ ಕೊಡಲಿ? ಎತ್ತಿನ ಹಗ್ಗ ಹರದೈತಿ. ನಾ ಕೊಂಬು ಬಿಟ್ರ ಇದು ಎಲ್ಲಿಗೆ ಹೋಗತೈತಿ ಗೊತ್ತೈತೇನು? ನೆಟ್ಟಗ ನಿನ್ನ ಸಸಿಮಡಿಗೆ!”

“ಬಿಡಬ್ಯಾಡ ಕಾಕಾ, ಬಿಡಬ್ಯಾಡ!”

“ಹಂಗಾದ್ರ ಒಂದು ಹಗ್ಗ ತಾ. ಎತ್ತು ಕಟ್ಟತೀನಿ. ಹುಲ್ಲು ಕೊಡ್ತೀನಿ.”

ಹೊತ್ತು ನೆತ್ತಿ ಬಿಟ್ಟು ಜರುಗಿತು. ಫಕೀರವ್ವ ನಡೆದಳು. ಬೂದಿ ಹಿಂದೆ ನಡೆಯಿತು. ಕೊಕ್ ಕೊಕ್ ಕೊಕ್.

ಹಗ್ಗ ಹೊಸೆಯುವವಳು ಹನಮವ್ವ. ಪುಂಡಿಯ ನಾರಿನ ರಾಶಿ ಮುಂದಿಟ್ಟುಕೊಂಡು ಕೂತಿದ್ದಳು. ಕೈಯಲ್ಲಿ ಕುಡಗೋಲು. ಮುಖದ ತುಂಬ ಸಿಟ್ಟು.

“ಹನಮವ್ವಾ, ಹನಮವ್ವಾ, ಒಂದು ಹಗ್ಗ ಕೊಡು!
ಹಗ್ಗ ಯಮನಪ್ಪಗ,
ಯಮನಪ್ಪನ ಹುಲ್ಲು ಗುಂಡಪ್ಪಗ,
ಗುಂಡಪ್ಪನ ಆವಿಗ್ಯಾಗಿನ ಕುಳ್ಳು ನನಗ,
ಕುಳ್ಳಿನಾಗಿನ ಬೀಜ ನನ್ನ ಹಿತ್ತಲಿಗೆ!”

“ಕೊಡಾಕ ಅಡ್ಡಿ ಇಲ್ಲ. ಆದ್ರ ಹೆಂಗ ಕೊಡಲಿ? ನಾರು ಸೀಳಬೇಕು. ಕುಡಗೋಲು ಮೊಂಡ ಆಗೈತಿ. ಇದು ನಾರು ಹೋಗಲಿ, ಬೆಣ್ಣಿನೂ ಕೊಯ್ಯಂಗಿಲ್ಲ!”

ಹನಮವ್ವ ಕುಡಗೋಲನ್ನು ಫಕೀರವ್ವನ ಕೈಗಿಟ್ಟಳು.

“ತಗೋ. ಇದನ್ನ ಹರಿತ ಮಾಡಿಸಿಕೊಂಡು ಬಾ. ನಾರು ಸೀಳತೀನಿ. ಹಗ್ಗ ಹೊಸೆದು ಕೊಡ್ತೀನಿ.”

ಹೊತ್ತು ಬೇವಿನ ಮರದ ತುದಿಗೆ ಬಂತು. ಫಕೀರವ್ವ ಬಿರಬಿರನೆ ನಡೆದಳು. ಬೂದಿ ಹಿಂದೆ ನಡೆಯಿತು. ಕೊಕ್ ಕೊಕ್ ಕೊಕ್.

ಕುಡಗೋಲು ಬಡಿಯುವವನು ಕಮ್ಮಾರ ಮೌನೇಶ. ಅವನ ಕುಲುಮೆಯಲ್ಲಿ ಟಣ್ ಟಣ್ ಸದ್ದಿಲ್ಲ. ಬರೀ ಹೊಗೆ. ಮೌನೇಶನ ಮುಖವೆಲ್ಲ ಕಪ್ಪು. ಹಲ್ಲಷ್ಟೇ ಬೆಳ್ಳಗೆ.

“ಮೌನೇಶಾ, ಮೌನೇಶಾ, ಈ ಕುಡಗೋಲು ಬಡದು ಕೊಡು!
ನೀ ಬಡದ ಕುಡಗೋಲು ಹನಮವ್ವಗ,
ಹನಮವ್ವನ ಹಗ್ಗ ಯಮನಪ್ಪಗ,
ಯಮನಪ್ಪನ ಹುಲ್ಲು ಗುಂಡಪ್ಪಗ,
ಗುಂಡಪ್ಪನ ಆವಿಗ್ಯಾಗಿನ ಕುಳ್ಳು ನನಗ,
ಕುಳ್ಳಿನಾಗಿನ ಬೀಜ ನನ್ನ ಹಿತ್ತಲಿಗೆ!”

“ಕೊಡಾಕ ಅಡ್ಡಿ ಇಲ್ಲ. ಆದ್ರ ಹೆಂಗ ಕೊಡಲಿ? ನೋಡಕ್ಕಾ ನನ್ನ ತಿದಿ!”

ತಿದಿ ಅಂದರೆ ಕೆಂಡಕ್ಕೆ ಗಾಳಿ ಊದುವ ತೊಗಲಿನ ಚೀಲ. ಮೌನೇಶ ತಿದಿ ಒತ್ತಿದ. ಪುಸ್ಸ್! ಅದರಲ್ಲಿ ಒಂದು ತೂತು.

“ಗಾಳಿ ಕೆಂಡಕ್ಕ ಹೋಗಂಗಿಲ್ಲ. ನನ್ನ ಮಾರಿಗೇ ಬರತೈತಿ. ಕೆಂಡ ಆರತೈತಿ, ನನ್ನ ಮೀಸಿ ಹಾರತೈತಿ. ಒಂದು ತೊಗಲಿನ ತ್ಯಾಪಿ ತಾ. ತೂತು ಮುಚ್ಚತೀನಿ. ಕುಡಗೋಲು ಬಡದು ಕೊಡ್ತೀನಿ.”

ಹೊತ್ತು ಬೇವಿನ ಎಲೆಗಳ ನಡುವೆ ಇಳಿಯಿತು. ಕುಡಗೋಲು ಅಲ್ಲೇ ಬಿಟ್ಟು ಫಕೀರವ್ವ ನಡೆದಳು. ಬೂದಿ ಹಿಂದೆ ನಡೆಯಿತು. ಕೊಕ್ ಕೊಕ್ ಕೊಕ್.

ತೊಗಲು ಇದ್ದದ್ದು ಚಪ್ಪಲಿ ಹೊಲಿಯುವ ಭರಮಪ್ಪನ ಹತ್ತಿರ. ಭರಮಪ್ಪ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಗೋಡೆಗೆ ಒರಗಿದ್ದ.

“ಭರಮಪ್ಪಣ್ಣಾ, ಭರಮಪ್ಪಣ್ಣಾ, ಒಂದು ತ್ಯಾಪಿ ಕೊಡು!
ತ್ಯಾಪಿ ಮೌನೇಶಗ,
ಮೌನೇಶ ಬಡದ ಕುಡಗೋಲು ಹನಮವ್ವಗ,
ಹನಮವ್ವನ ಹಗ್ಗ ಯಮನಪ್ಪಗ,
ಯಮನಪ್ಪನ ಹುಲ್ಲು ಗುಂಡಪ್ಪಗ,
ಗುಂಡಪ್ಪನ ಆವಿಗ್ಯಾಗಿನ ಕುಳ್ಳು ನನಗ,
ಕುಳ್ಳಿನಾಗಿನ ಬೀಜ ನನ್ನ ಹಿತ್ತಲಿಗೆ!”

“ಕೊಡಾಕ ಅಡ್ಡಿ ಇಲ್ಲ. ಆದ್ರ ಹೆಂಗ ಕೊಡಲಿ ತಂಗೀ? ಮುಂಜಾನಿಂದ ಒಂದು ತುತ್ತು ತಿಂದಿಲ್ಲ. ಕೈ ನಡುಗತಾವ. ಈ ಕೈಯಾಗ ದಬ್ಬಣ ಹಿಡದ್ರ ತೂತು ತೊಗಲಿಗೆ ಬೀಳಂಗಿಲ್ಲ, ನನ್ನ ಬೆರಳಿಗೆ ಬೀಳತೈತಿ.”

“ಮುಂಜಾನಿಂದ ಯಾಕ ತಿಂದಿಲ್ಲ?”

“ನಾ ರೊಟ್ಟಿ ತಿನ್ನೂದು ಸಿದ್ದವ್ವನ ಖಾನಾವಳ್ಯಾಗ. ಅಲ್ಲಿ ಇವತ್ತು ರೊಟ್ಟಿ ಇಲ್ಲ. ಒಂದು ಬಿಸಿ ರೊಟ್ಟಿ ತಾ. ತಿಂತೀನಿ. ತ್ಯಾಪಿ ಕೊಡ್ತೀನಿ.”

ಹೊತ್ತು ಮರದ ನಡುಗೊಂಬೆಗೆ ಬಂತು. ಫಕೀರವ್ವ ಓಡಿದಳು. ಬೂದಿ ಹಿಂದೆ ಓಡಿತು. ಕೊಕ್ ಕೊಕ್ ಕೊಕ್.

ಖಾನಾವಳಿಯಲ್ಲಿ ಸಿದ್ದವ್ವ ಒಲೆಯ ಮುಂದೆ ಕೂತಿದ್ದಳು. ಹಿಟ್ಟು ನಾದಿ ಇಟ್ಟಿದ್ದಳು. ಹಂಚು ಇಟ್ಟಿದ್ದಳು. ಒಲೆ ಮಾತ್ರ ತಣ್ಣಗಿತ್ತು. ಒಲೆಯೊಳಗೆ ಬೆಕ್ಕು ಮಲಗಿತ್ತು.

“ಸಿದ್ದವ್ವಾ, ಸಿದ್ದವ್ವಾ, ಒಂದು ರೊಟ್ಟಿ ಕೊಡು!
ರೊಟ್ಟಿ ಭರಮಪ್ಪಗ,
ಭರಮಪ್ಪನ ತ್ಯಾಪಿ ಮೌನೇಶಗ,
ಮೌನೇಶ ಬಡದ ಕುಡಗೋಲು ಹನಮವ್ವಗ,
ಹನಮವ್ವನ ಹಗ್ಗ ಯಮನಪ್ಪಗ,
ಯಮನಪ್ಪನ ಹುಲ್ಲು ಗುಂಡಪ್ಪಗ,
ಗುಂಡಪ್ಪನ ಆವಿಗ್ಯಾಗಿನ ಕುಳ್ಳು ನನಗ,
ಕುಳ್ಳಿನಾಗಿನ ಬೀಜ ನನ್ನ ಹಿತ್ತಲಿಗೆ!”

“ಕೊಡಾಕ ಅಡ್ಡಿ ಇಲ್ಲ. ಆದ್ರ ಹೆಂಗ ಕೊಡಲಿ? ಒಲಿ ಆರೈತಿ. ಕುಳ್ಳು ತಾ. ಒಲಿ ಹಚ್ಚತೀನಿ. ರೊಟ್ಟಿ ಬಡದು ಕೊಡ್ತೀನಿ.”

“ಏನ ತರಲಿ?”

“ಕುಳ್ಳು.”

“ಕುಳ್ಳು?”

“ಹೌದವ್ವಾ, ಕುಳ್ಳು.”

ಫಕೀರವ್ವನಿಗೆ ನಗುವೂ ಬಂತು. ಅಳುವೂ ಬಂತು. ಮೊದಲು ನಗು ಬಂತು.

“ಸಿದ್ದವ್ವಾ, ನನ್ನ ಕುಳ್ಳೆಲ್ಲ ಗುಂಡಪ್ಪನ ಆವಿಗ್ಯಾಗ ಅದಾವು!”

“ನನ್ನವೂ ಅಲ್ಲೇ ಅದಾವು. ಊರ ಮಂದಿ ಕುಳ್ಳೆಲ್ಲ ಅಲ್ಲೇ ಅದಾವು. ಹೊಸಾ ಗಡಿಗಿ ಕಂಡು ನಾನೂ ಕೊಟ್ಟುಬಿಟ್ಟೆ. ಈಗ ಗಡಿಗಿ ಐತಿ. ಗಡಿಗ್ಯಾಗ ನೀರೂ ಐತಿ. ಕಾಸಾಕ ಬೆಂಕಿ ಇಲ್ಲ.”

ಇನ್ನು ಯಾರ ಮನೆಗೆ ಹೋಗುವುದು? ಯಾರ ಮನೆಯಲ್ಲೂ ಕುಳ್ಳಿಲ್ಲ. ಕುಳ್ಳು ಸಿಗಬೇಕಾದರೆ ಕುಳ್ಳು ಬೇಕು!

ಫಕೀರವ್ವ ಮನೆಗೆ ಬಂದಳು. ಬೇವಿನ ಮರದ ಕೆಳಗೆ ಕೂತಳು. ಹೊತ್ತು ಕೆಳಗೊಂಬೆಗೆ ಇಳಿಯಿತು. ಫಕೀರವ್ವ ತನ್ನಷ್ಟಕ್ಕೆ ತಾನೇ ಎಣಿಸಿದಳು.

“ಕುಳ್ಳು ಸಿದ್ದವ್ವಗ,
ಸಿದ್ದವ್ವನ ರೊಟ್ಟಿ ಭರಮಪ್ಪಗ,
ಭರಮಪ್ಪನ ತ್ಯಾಪಿ ಮೌನೇಶಗ,
ಮೌನೇಶ ಬಡದ ಕುಡಗೋಲು ಹನಮವ್ವಗ,
ಹನಮವ್ವನ ಹಗ್ಗ ಯಮನಪ್ಪಗ,
ಯಮನಪ್ಪನ ಹುಲ್ಲು ಗುಂಡಪ್ಪಗ,
ಗುಂಡಪ್ಪನ ಆವಿಗ್ಯಾಗಿನ ಕುಳ್ಳು ನನಗ,
ಕುಳ್ಳಿನಾಗಿನ ಬೀಜ ನನ್ನ ಹಿತ್ತಲಿಗೆ.
ಎಲ್ಲಾ ಸರಿ. ಆದ್ರ ಮೊದಲ್ನೇ ಕುಳ್ಳು ಎಲ್ಲಿಂದ ತರಲಿ?”

ಕುಟು ಕುಟು. ಕುಟು ಕುಟು.

“ಸುಮ್ಮನಿರ ಬೂದಿ! ನನ್ನ ಜೀವ ಹೋಗಾಕಹತ್ತೈತಿ. ನಿನಗ ಗೆದ್ದಲದ ಚಿಂತಿ.”

ಕುಟು ಕುಟು. ಕುಟು ಕುಟು. ಬೂದಿ ಹಳೆಯ ಕಂಬದ ಮೇಲೆ ನಿಂತಿತ್ತು. ಕಂಬದ ಚೂರು ಪುಡಿಪುಡಿಯಾಗಿ ಉದುರುತ್ತಿತ್ತು. ಒಣ ಚೂರು. ಗರಿಗರಿ ಚೂರು.

ಫಕೀರವ್ವ ಕಂಬ ನೋಡಿದಳು. ಬೂದಿಯನ್ನು ನೋಡಿದಳು. ಮತ್ತೆ ಕಂಬ ನೋಡಿದಳು.

ಸಿದ್ದವ್ವ ಕೇಳಿದ್ದು ಕುಳ್ಳು. ಸಿದ್ದವ್ವನಿಗೆ ಬೇಕಾದದ್ದು ಏನು? ಬೆಂಕಿ! ಬೆಂಕಿಗೆ ಕುಳ್ಳಾದರೇನು, ಕಂಬವಾದರೇನು?

“ಏಳು, ಏಳು! ಇಳಿ ಕೆಳಗ!”

ಬೂದಿ ಹಾರಿತು. ಫಕೀರವ್ವ ಕಂಬ ಎತ್ತಿದಳು. ಗೆದ್ದಲು ತಿಂದ ಕಂಬ. ಹಗುರ ಕಂಬ. ಹೆಗಲ ಮೇಲಿಟ್ಟಳು. ಓಡಿದಳು. ಬೂದಿ ಹಿಂದೆ ಓಡಿತು. ಕೊಕ್ ಕೊಕ್ ಕೊಕ್!

“ಸಿದ್ದವ್ವಾ, ಒಲಿಯೊಳಗಿನ ಬೆಕ್ಕು ಎಬ್ಬಿಸು! ಕಟ್ಟಿಗಿ ಬಂತು!”

ಬೆಕ್ಕು ಎದ್ದಿತು. ಕಂಬ ಮುರಿಯಿತು. ಒಲೆ ಹತ್ತಿತು. ಸಿದ್ದವ್ವ ರೊಟ್ಟಿ ಬಡಿದಳು. ಪಟ ಪಟ, ಪಟ ಪಟ. ರೊಟ್ಟಿ ಉಬ್ಬಿತು. “ಓಡವ್ವಾ! ಬಿಸಿ ಐತಿ, ಕೈ ಜ್ವಾಕಿ!”

ಫಕೀರವ್ವ ರೊಟ್ಟಿಯನ್ನು ಭರಮಪ್ಪನಿಗೆ ಕೊಟ್ಟಳು. ಭರಮಪ್ಪ ತಿಂದ. ನೀರು ಕುಡಿದ. ಡರ್ರ್ ಎಂದು ತೇಗಿದ. ಕೈ ನಡುಕ ನಿಂತಿತು. ತೊಗಲು ಕತ್ತರಿಸಿದ. ದಬ್ಬಣದಿಂದ ಸುತ್ತ ತೂತು ಹಾಕಿದ. “ತಗೋ ತಂಗೀ ತ್ಯಾಪಿ. ಮೌನೇಶಗ ಹೇಳು, ಮೀಸಿ ಉಳೀತು ಅಂತ!”

ಫಕೀರವ್ವ ತ್ಯಾಪಿಯನ್ನು ಮೌನೇಶನಿಗೆ ಕೊಟ್ಟಳು. ಮೌನೇಶ ತ್ಯಾಪಿ ಹೊಲಿದ. ತಿದಿ ಒತ್ತಿದ. ಭುಸ್! ಭುಸ್! ಕೆಂಡ ಕೆಂಪಾಯಿತು. ಕುಡಗೋಲು ಕೆಂಪಾಯಿತು. ಟಣ್ ಟಣ್ ಟಣ್! ನೀರಿಗಿಟ್ಟ. ಚುಂಯ್! ಕಲ್ಲಿಗೆ ಮಸೆದ. “ತಗೋ ಅಕ್ಕಾ. ಇನ್ನ ಇದು ಬೆಣ್ಣಿನೂ ಕೊಯ್ತೈತಿ, ಕಟ್ಟಿಗಿನೂ ಕೊಯ್ತೈತಿ.”

ಫಕೀರವ್ವ ಕುಡಗೋಲನ್ನು ಹನಮವ್ವನಿಗೆ ಕೊಟ್ಟಳು. ಹನಮವ್ವ ನಾರು ಸೀಳಿದಳು. ಸರ್ರ್! ತೊಡೆಯ ಮೇಲೆ ಹೊಸೆದಳು. ಎಳೆಗೆ ಎಳೆ ಸೇರಿಸಿದಳು. ಹನಮವ್ವನ ಕೈ ಬಲು ಚುರುಕು. ನೋಡುನೋಡುತ್ತ ಹಗ್ಗ ಆಯಿತು. “ಎಳದು ನೋಡು. ಹರದ್ರ ತಿರುಗಿ ತಾ.” ಎಳೆದರು. ಹರಿಯಲಿಲ್ಲ.

ಫಕೀರವ್ವ ಹಗ್ಗವನ್ನು ಯಮನಪ್ಪನಿಗೆ ಕೊಟ್ಟಳು. ಯಮನಪ್ಪ ಇನ್ನೂ ಕೊಂಬು ಹಿಡಿದೇ ನಿಂತಿದ್ದ. ಎತ್ತಿಗೂ ಬೇಸರ, ಅವನಿಗೂ ಬೇಸರ. ಎತ್ತು ಕಟ್ಟಿದ. ಕೈ ಝಾಡಿಸಿದ. ಒಂದು ದೊಡ್ಡ ಹೊರೆ ಹುಲ್ಲು ಹೊರಿಸಿದ. “ನಿನ್ನ ಸಸಿಮಡಿ ಉಳೀತು ನೋಡವ್ವಾ. ಓಡು!”

ಹೊತ್ತು ಬೇವಿನ ಮರದ ಬುಡಕ್ಕೆ ಬಂತು.

ಗುಂಡಪ್ಪ ಕೊಳ್ಳಿ ಹಿಡಿದು ನಿಂತಿದ್ದ. ಕೊಳ್ಳಿ ಉರಿಯುತ್ತಿತ್ತು. ಅವನು ದಾರಿ ನೋಡಿದ. ಹೊತ್ತು ನೋಡಿದ. ಕೊಳ್ಳಿ ಕೆಳಗೆ ಚಾಚಿದ.

“ಗುಂಡಪ್ಪಾ! ನಿಲ್ಲೋ!”

ದಾರಿಯಲ್ಲಿ ಒಂದು ಹುಲ್ಲಿನ ಹೊರೆ ಓಡಿ ಬರುತ್ತಿತ್ತು. ಹೊರೆಗೆ ಎರಡು ಕಾಲು. ಹೊರೆಯ ಹಿಂದೆ ಒಂದು ಕೋಳಿ.

“ಬಂದ್ಯಾ ಅಕ್ಕಾ? ಏನು ಇಷ್ಟೊತ್ತು?”

ಫಕೀರವ್ವ ಹೊರೆ ಇಳಿಸಿದಳು. ಏದುಸಿರು ಬಿಡುತ್ತ ಅಂದಳು:

“ಕಂಬ ಸಿದ್ದವ್ವಗ ಕೊಟ್ಟೆ,
ಸಿದ್ದವ್ವನ ರೊಟ್ಟಿ ಭರಮಪ್ಪಗ ಕೊಟ್ಟೆ,
ಭರಮಪ್ಪನ ತ್ಯಾಪಿ ಮೌನೇಶಗ ಕೊಟ್ಟೆ,
ಮೌನೇಶ ಬಡದ ಕುಡಗೋಲು ಹನಮವ್ವಗ ಕೊಟ್ಟೆ,
ಹನಮವ್ವನ ಹಗ್ಗ ಯಮನಪ್ಪಗ ಕೊಟ್ಟೆ,
ಯಮನಪ್ಪನ ಹುಲ್ಲು ನಿನಗ ಕೊಟ್ಟೆ,
ಈಗ ನನ್ನ ಕುಳ್ಳು ನನಗ ಕೊಡು!”

ಗುಂಡಪ್ಪ ಆಡಿದ ಮಾತಿಗೆ ತಪ್ಪುವವನಲ್ಲ. ಕೊಳ್ಳಿ ಬದಿಗಿಟ್ಟ. ಮಣ್ಣು ಕೆರೆದ. ಹುಲ್ಲು ತೆಗೆದ. ಆವಿಗೆ ತೆರೆಯಿತು.

ಒಳಗೆ ಕುಳ್ಳು. ಕುಳ್ಳಿನ ಪಕ್ಕ ಕುಳ್ಳು. ಕುಳ್ಳಿನ ಕೆಳಗೆ ಕುಳ್ಳು. ಎಲ್ಲ ದುಂಡು. ಎಲ್ಲ ಒಂದೇ ಬಣ್ಣ. ಎಲ್ಲದರ ಮೇಲೂ ಐದು ಬೆರಳಿನ ಗುರುತು.

“ಯಾವುದಕ್ಕಾ ನಿಂದು?”

ಫಕೀರವ್ವ ಒಂದು ಎತ್ತಿದಳು. “ಇದಲ್ಲ.” ಇನ್ನೊಂದು ಎತ್ತಿದಳು. “ಇದೂ ಅಲ್ಲ.” ಮತ್ತೊಂದು ಎತ್ತಿದಳು. “ಇದು ಸಿದ್ದವ್ವಂದು.”

“ಎಲ್ಲಾ ಮುರದು ನೋಡ್ಲೇನು?”

“ಮುರದ್ರ ನನ್ನ ಗಡಿಗಿ ಬೇಯಂಗಿಲ್ಲಕ್ಕಾ! ಲಗೂನ ಹುಡುಕು. ಹೊತ್ತು ಮುಳುಗತೈತಿ.”

ಕೈಗೆ ಬಂದ ಕುಳ್ಳೆಲ್ಲ ಅದಲ್ಲ, ಅದಲ್ಲ, ಅದೂ ಅಲ್ಲ. ಇಷ್ಟು ದೂರ ಬಂದು ಬರಿಗೈಯಲ್ಲಿ ಹೋಗುವುದೇ?

ಅಷ್ಟರಲ್ಲಿ ಬೂದಿ ಆವಿಗೆ ಹತ್ತಿತು. ಬದಿಯ ಹಸಿ ಮಣ್ಣಿನ ಮೇಲೆ ನಡೆಯಿತು. ಟಪ್, ಟಪ್, ಟಪ್.

“ಹುಶ್! ಹುಶ್! ನೋಡಿಲ್ಲಿ, ಸಾರಿಸಿದ ಮಣ್ಣೆಲ್ಲ ಕೋಳಿ ಹೆಜ್ಜಿ!” ಗುಂಡಪ್ಪ ಕೈ ಬೀಸಿದ.

ಫಕೀರವ್ವ ಹೆಜ್ಜೆ ನೋಡಿದಳು. ಮುಂದೆ ಮೂರು ಬೆರಳು. ಹಿಂದೆ ಒಂದು ಸಣ್ಣ ಬೆರಳು. ಅವಳ ಕಣ್ಣು ಅಗಲವಾಯಿತು.

“ಗುಂಡಪ್ಪಾ, ಕೈ ಗುರುತು ನೋಡಬ್ಯಾಡ! ಕಾಲ ಗುರುತು ನೋಡು! ಹೋದ ವರ್ಷ ಹಸಿ ಕುಳ್ಳು ತುಳದಿತ್ತು ಈ ಬೂದಿ! ಕೋಳಿ ಹೆಜ್ಜಿ ಇರೂ ಕುಳ್ಳು ಹುಡುಕು!”

ಇಬ್ಬರೂ ಬಗ್ಗಿದರು. ಇಬ್ಬರೂ ತಡಕಿದರು. ಐದು ಬೆರಳು. ಐದು ಬೆರಳು. ಐದು ಬೆರಳು. ಐದು ಬೆರಳು...

ಕೋಳಿ ಹೆಜ್ಜೆ!

“ಇಲ್ಲೈತಿ!”

ಫಕೀರವ್ವ ಕುಳ್ಳನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಿಸಿದಳು. ಲೊಟ ಲೊಟ. ಒಂದು ಬೀಜ ಸಡಿಲವಾಗಿತ್ತು. ಒಳಗೇ ಇತ್ತು.

“ಉಸ್ಸಪ್ಪಾ!” ಅಂದಳು ಫಕೀರವ್ವ. ಅಲ್ಲೇ ನೆಲದ ಮೇಲೆ ಕಾಲು ಚಾಚಿ ಕೂತಳು. ಮುಂಜಾನೆಯಿಂದ ಅವಳು ಕೂತದ್ದು ಎರಡೇ ಸಲ. ಮರದ ಕೆಳಗೆ ಕೂತದ್ದು ಚಿಂತೆಗೆ. ಇಲ್ಲಿ ಕೂತದ್ದು ನಿರಾಳಕ್ಕೆ.

ಗುಂಡಪ್ಪ ಒಣ ಹುಲ್ಲು ಹೊಚ್ಚಿದ. ಮಣ್ಣು ಮೆತ್ತಿದ. ಬೆಂಕಿ ಇಟ್ಟ. ಆವಿಗೆ ಹೊಗೆಯಾಡಿತು. ಹೊತ್ತು ಮುಳುಗಿತು.

“ಅಕ್ಕಾ, ಬರಿಗೈಲೆ ಹೋಗಬ್ಯಾಡ. ಆ ಮೂಲ್ಯಾಗ ಬಾಯಿ ಒಡದ ಕುಡಕಿ ಅದಾವು. ಸಂತಿಗೆ ಒಯ್ಯಾಕ ಬರಂಗಿಲ್ಲ. ಬೇಕಂದ್ರ ತಗೋ.”

ಫಕೀರವ್ವ ಬೇಡ ಅನ್ನಲಿಲ್ಲ. ಯಾಕೆ ಅನ್ನಬೇಕು? ಬಾಯಿ ಒಡೆದರೇನು, ಬೀಜಕ್ಕೆ ಬೇಕಾದದ್ದು ಹೊಟ್ಟೆ. ಕುಡಿಕೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಕುಳ್ಳನ್ನು ಕೈಯಲ್ಲಿ ಹಿಡಿದುಕೊಂಡಳು. ಈ ಸಲ ಬುಟ್ಟಿಗೆ ಹಾಕಲಿಲ್ಲ.

ಮರುದಿನ ಕುಳ್ಳು ಒಡೆದಳು. ಲಟಕ್! ಬೆಳ್ಳನೆಯ ಬೀಜ. ದಪ್ಪ ಬೀಜ. ಒಂದಕ್ಕೂ ಹುಳವಿಲ್ಲ. ಕುಡಿಕೆಗೆ ಮಣ್ಣು ತುಂಬಿದಳು. ಮಣ್ಣಿಗೆ ಬೀಜ ಊರಿದಳು. ಕೊಟ್ಟಿಗೆಯ ಬದಿಗೆ, ಎಳೆ ಬಿಸಿಲು ಬೀಳುವ ಕಡೆ ಸಾಲಾಗಿ ಇಟ್ಟಳು. ನೀರು ಚಿಮುಕಿಸಿದಳು.

ಮೊದಲು ಮೆಣಸು ಇಣುಕಿತೇ? ಇಲ್ಲ. ಬದನೆ ಇಣುಕಿತೇ? ಇಲ್ಲ. ಮೊದಲು ಕುಂಬಳ ಇಣುಕಿತು. ಎರಡು ದಪ್ಪ ಎಲೆ ಬಿಡಿಸಿ, ತಲೆಯ ಮೇಲೆ ಬೀಜದ ಸಿಪ್ಪೆ ಹೊತ್ತುಕೊಂಡು ಎದ್ದಿತು.

ಸಸಿ ಬೆಳೆಯಿತು. ನೆಲಕ್ಕೆ ಇಳಿಯಿತು. ಬಳ್ಳಿಯಾಯಿತು. ಹೊಸ ಕಂಬ ಹಿಡಿದು ಕೊಟ್ಟಿಗೆಯ ಮೇಲೆ ಹತ್ತಿತು. ಹೂವಾಯಿತು. ಕಾಯಾಯಿತು. ಕಾಯಿ ಹಣ್ಣಾಯಿತು.

ಫಕೀರವ್ವ ಕಾಯಿ ಹಂಚಿದಳು. ಯಾರನ್ನೂ ಮರೆಯಲಿಲ್ಲ.

ಒಂದು ಕಾಯಿ ಸಿದ್ದವ್ವಗ, ರೊಟ್ಟಿ ಬಡಿದುದಕ್ಕೆ.
ಒಂದು ಕಾಯಿ ಭರಮಪ್ಪಗ, ತ್ಯಾಪಿ ಕೊಟ್ಟುದಕ್ಕೆ.
ಒಂದು ಕಾಯಿ ಮೌನೇಶಗ, ಕುಡಗೋಲು ಬಡಿದುದಕ್ಕೆ.
ಒಂದು ಕಾಯಿ ಹನಮವ್ವಗ, ಹಗ್ಗ ಹೊಸೆದುದಕ್ಕೆ.
ಒಂದು ಕಾಯಿ ಯಮನಪ್ಪಗ, ಹುಲ್ಲು ಹೊರಿಸಿದುದಕ್ಕೆ.
ಒಂದು ಕಾಯಿ ಗುಂಡಪ್ಪಗ, ಹೊತ್ತು ಇಳಿಯುವ ತನಕ ಕಾದುದಕ್ಕೆ.

ಆ ದಿನ ಊರ ತುಂಬ ಗಾರಿಗೆಯ ವಾಸನೆ. ಯಾರ ಮನೆಗೆ ಹೋದರೂ ಗಾರಿಗೆ.

ಕಡೆಗೆ ಒಂದು ಕಾಯಿ ಬೀಜಕ್ಕೆ ಉಳಿಯಿತು. ಫಕೀರವ್ವ ಬೀಜ ತೆಗೆದಳು. ಹಸಿ ಸಗಣಿಯಲ್ಲಿ ಒತ್ತಿದಳು. ದುಂಡಗೆ ತಟ್ಟಿದಳು. ಬಿಸಿಲಿಗೆ ಇಟ್ಟಳು. ಆಮೇಲೆ ಕರೆದಳು.

“ಬೂದೀ, ಬಾ ಬಾ ಬಾ! ಬಾ, ತುಳಿ!”

ಬೂದಿ ಬಂತು. ಕುಳ್ಳಿನ ಪಕ್ಕ ನಿಂತಿತು. ಒಂದು ಕಾಲು ಎತ್ತಿತು. ಎತ್ತಿದ ಕಾಲು ಇಳಿಸಲೇ ಇಲ್ಲ. ಕತ್ತು ಓರೆ ಮಾಡಿ ಫಕೀರವ್ವನನ್ನು ನೋಡಿತು. ಆಮೇಲೆ ಜೋಳದ ಚೀಲ ನೋಡಿತು. ಕೊಕ್?

“ಅಯ್ಯ! ಹೋದ ವರ್ಷ ಬಿಟ್ಟಿ ತುಳದಿದ್ದಿಯಲ್ಲ?”

ಕೊಕ್.

ಫಕೀರವ್ವ ನಕ್ಕಳು. ಎದ್ದಳು. ಚೀಲ ಬಿಚ್ಚಿದಳು. ಒಂದು ಹಿಡಿ ಜೋಳ ಹಾಕಿದಳು.

ಬೂದಿ ಮೊದಲು ಜೋಳ ತಿಂದಿತು. ಆಮೇಲೆ ತುಳಿಯಿತು. ಟಪ್!